ಸ್ಕಾಲರ್‌ಶಿಪ್ ಪಡೆದವರು ತಲೆಯನ್ನೂ ಅಡ ಇಡಬೇಕೆ? ಯುಂಗ್ ವಿಂಗ್ ಮತ್ತು 120 ಚೀನೀ ಹುಡುಗರ ಕತೆ

1881ರ ಬೇಸಿಗೆ ಮುಗಿಯುತ್ತಿದ್ದ ಹೊತ್ತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಊರಿಗೆ ಹೋಗುವ ಹಡಗಿಗೆ ಕಾಯುತ್ತಿದ್ದ ಒಂದಷ್ಟು ಚೀನೀ ಹುಡುಗರನ್ನು ಪಕ್ಕದ ಓಕ್‌ಲೆಂಡಿನ ಬೇಸ್‌ಬಾಲ್ ತಂಡವೊಂದು ಪಂದ್ಯಕ್ಕೆ ಕರೆಯಿತು. ಉದ್ದ ಜಡೆಯ ಈ ಹುಡುಗರಿಗೆ ಬೇಸ್‌ಬಾಲ್ ಏನು ಗೊತ್ತಿರುತ್ತೆ, ಆರಾಮಾಗಿ ಸೋಲಿಸಬಹುದು ಅನ್ನೋದು ಅವರ ಲೆಕ್ಕವಾಗಿತ್ತು. ಲೆಕ್ಕ ತಪ್ಪಿತು. ಈ ಹುಡುಗರು ಅಮೆರಿಕದ ಇನ್ನೊಂದು ತುದಿಯಲ್ಲಿ, ಅಮೆರಿಕನ್ನರ ಮನೆಗಳಲ್ಲೇ ಇದ್ದು, ಅಲ್ಲಿನ ಶಾಲೆಗಳಲ್ಲೇ ಓದಿ ಬೆಳೆದವರು. ಪಂದ್ಯ ಗೆದ್ದರು. ಆಮೇಲೆ ತಲೆ ತಗ್ಗಿಸಿಕೊಂಡು ಹಡಗು ಹತ್ತಿದರು.

ಯಾಕಂದ್ರೆ ಅವರು ಓದು ಮುಗಿಸಿ ಹೊರಟವರಲ್ಲ. ಅವರನ್ನು ಓದಲು ಕಳಿಸಿದ್ದ ಅವರದೇ ಸರ್ಕಾರ, ಓದು ಅರ್ಧ ಆಗಿರುವಾಗಲೇ ಎಲ್ಲರೂ ವಾಪಸ್ ಬನ್ನಿ ಅಂತ ಆದೇಶ ಹೊರಡಿಸಿತ್ತು.

ಸರ್ಕಾರದ ದುಡ್ಡಿನಲ್ಲಿ ಹೈಸ್ಕೂಲ್ ವಯಸ್ಸಿನ ಮಕ್ಕಳನ್ನು ಬೇರೆ ದೇಶಕ್ಕೆ ಕಳಿಸೋದು, ಅಲ್ಲಿನ ಕುಟುಂಬಗಳ ಜೊತೆ ಇರಿಸಿ ಓದಿಸೋದು ಇವತ್ತು ಹೊಸದೇನಲ್ಲ. ಅಮೆರಿಕ ಮತ್ತು ಜರ್ಮನಿ ನಡುವೆ 1983ರಿಂದ ಇಂಥದ್ದೊಂದು ಕಾರ್ಯಕ್ರಮ ಇದೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅಲ್ಲಿನ ಮಕ್ಕಳಿಗೆ ಒಂದು, 2001ರ ಸೆಪ್ಟೆಂಬರ್ ದಾಳಿಯ ನಂತರ ಮುಸ್ಲಿಂ ಜನಸಂಖ್ಯೆ ಹೆಚ್ಚಿರುವ ದೇಶಗಳ ಮಕ್ಕಳಿಗೆ ಇನ್ನೊಂದು ಯೋಜನೆಯನ್ನು ಅಮೆರಿಕ ಸರ್ಕಾರ ಶುರು ಮಾಡಿತು. ಆದರೆ ಇದಕ್ಕೆಲ್ಲ ನೂರು ವರ್ಷ ಮೊದಲೇ ಒಬ್ಬ ಮನುಷ್ಯ, ಹೆಚ್ಚುಕಮ್ಮಿ ಒಂಟಿಯಾಗಿ, ಇಂಥ ಯೋಜನೆಯನ್ನು ಕಟ್ಟಿ ನಿಲ್ಲಿಸಿದ್ದ. ಅದು ಕಣ್ಣೆದುರೇ ಕುಸಿಯೋದನ್ನೂ ನೋಡಿದ. ಆತನ ಹೆಸರು ಯುಂಗ್ ವಿಂಗ್. ಚೀನಾದಲ್ಲಿ ಇಂದಿಗೂ ರೋಂಗ್ ಹಾಂಗ್ ಅನ್ನುವ ಹೆಸರಿನಲ್ಲಿ ಶಾಲಾ ಪುಸ್ತಕಗಳ ಮಕ್ಕಳಿಗೂ ಗೊತ್ತಿರುವ ವ್ಯಕ್ತಿ.

ಬಡವನ ಮನೆಯ ಹುಡುಗ

ಯುಂಗ್ ವಿಂಗ್ ಹುಟ್ಟಿದ್ದು 1828ರಲ್ಲಿ, ಪೋರ್ಚುಗೀಸರ ಕೈಯಲ್ಲಿದ್ದ ಮಕಾವ್ ಪಕ್ಕದ ನಾನ್‌ಪಿಂಗ್ ಎಂಬ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ. ಅಣ್ಣನನ್ನು ಎಲ್ಲರಂತೆ ಚೀನೀ ಶಾಸ್ತ್ರಗ್ರಂಥಗಳ ಪಾಠಶಾಲೆಗೆ ಹಾಕಿದ ಅಪ್ಪ ಅಮ್ಮ, ಇವನನ್ನು ಮಾತ್ರ ಏಳನೇ ವಯಸ್ಸಿಗೆ ಮಕಾವ್‌ನಲ್ಲಿ ಮಿಷನರಿ ಹೆಂಗಸೊಬ್ಬರು ನಡೆಸುತ್ತಿದ್ದ ಶಾಲೆಗೆ ಬಿಟ್ಟರು. ವಿದೇಶಿಯರ ವ್ಯಾಪಾರ ಜೋರಾಗುತ್ತಿದ್ದ ಕಾಲ, ಇಂಗ್ಲಿಷ್ ಕಲಿತರೆ ಹೊಟ್ಟೆಪಾಡಿಗೆ ದಾರಿ ಆದೀತು ಅನ್ನೋ ಲೆಕ್ಕ ಇದ್ದಿರಬೇಕು. ನಮ್ಮ ಊರುಗಳಲ್ಲೂ ಅಪ್ಪ ಅಮ್ಮಂದಿರು ಇದೇ ಲೆಕ್ಕ ಹಾಕಿಲ್ವಾ?

ಆ ಶಾಲೆ ಮುಚ್ಚಿತು. 1840ರಲ್ಲಿ ಅಪ್ಪ ತೀರಿಕೊಂಡರು. ಹುಡುಗ ಮಿಠಾಯಿ ಮಾರಿದ, ಕೊಯ್ಲಾದ ಗದ್ದೆಯಲ್ಲಿ ತೆನೆ ಆಯ್ದ, ಅಚ್ಚುಕೂಟದಲ್ಲಿ ಹಾಳೆ ಮಡಚುವ ಕೆಲಸ ಮಾಡಿದ. ಅದೇ ಸಮಯಕ್ಕೆ ಬ್ರಿಟನ್ ಅಫೀಮು ವ್ಯಾಪಾರ ಉಳಿಸಿಕೊಳ್ಳೋಕೆ ಚೀನಾದ ಮೇಲೆ ಯುದ್ಧ ಮಾಡುತ್ತಿತ್ತು. 1841ರಲ್ಲಿ ಮಾರಿಸನ್ ಸ್ಮಾರಕ ಶಾಲೆ ಸೇರಿದ ಮೇಲೆ ಓದು ಮತ್ತೆ ಹಳಿಗೆ ಬಂತು. ಯುದ್ಧದಲ್ಲಿ ಗೆದ್ದ ಬ್ರಿಟಿಷರಿಗೆ ಹಾಂಗ್‌ಕಾಂಗ್ ಸಿಕ್ಕ ಮೇಲೆ ಶಾಲೆಯೂ ಅಲ್ಲಿಗೆ ಹೋಯ್ತು.

ಅಲ್ಲಿನ ಮೇಷ್ಟ್ರು ಸ್ಯಾಮುಯೆಲ್ ಬ್ರೌನ್ ಅಮೆರಿಕದವರು. ಆರೋಗ್ಯ ಕೆಟ್ಟು ಊರಿಗೆ ಹೊರಟಾಗ, ತಮ್ಮ ಜೊತೆ ಅಮೆರಿಕಕ್ಕೆ ಯಾರು ಬರ್ತೀರಿ ಅಂತ ತರಗತಿಯಲ್ಲಿ ಕೇಳಿದರು. ಎದ್ದು ನಿಂತವರು ಮೂರು ಹುಡುಗರು. ಹಾಂಗ್‌ಕಾಂಗಿನ ವರ್ತಕರು ಎರಡು ವರ್ಷದ ಖರ್ಚು ಹೊತ್ತರು, ಹಡಗಿನವರು ಬಿಟ್ಟಿ ಪ್ರಯಾಣ ಕೊಟ್ಟರು. 1847ರ ಜನವರಿಯಲ್ಲಿ ಚಹಾ ತುಂಬಿದ ಹಡಗು ಹತ್ತಿದ ಯುಂಗ್ ವಿಂಗ್, ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಇಳಿದ. ಮ್ಯಾಸಚೂಸೆಟ್ಸ್ ರಾಜ್ಯದ ಮಾನ್ಸನ್ ಅಕಾಡೆಮಿ ಎಂಬ ಹೈಸ್ಕೂಲಿಗೆ ಸೇರಿದ.

ಬೇಡ ಅಂದ ಸ್ಕಾಲರ್‌ಶಿಪ್

ಎರಡು ವರ್ಷ ಮುಗಿಯಿತು. ದುಡ್ಡೂ ಮುಗಿಯಿತು. ಯೇಲ್ ಕಾಲೇಜಿಗೆ ಸೇರಬೇಕು ಅನ್ನೋದು ಹುಡುಗನ ಆಸೆ. ಮಾನ್ಸನ್ ಅಕಾಡೆಮಿಯ ಆಡಳಿತದವರ ಹತ್ತಿರ ಬಡ ವಿದ್ಯಾರ್ಥಿಗಳಿಗೆ ಅಂತ ಒಂದು ನಿಧಿ ಇತ್ತು. ಕೊಡುತ್ತೇವೆ, ಆದರೆ ಒಂದು ಷರತ್ತು ಅಂದರು: ಓದು ಮುಗಿದ ಮೇಲೆ ಮಿಷನರಿಯಾಗಿ ಚೀನಾಕ್ಕೆ ಹೋಗುತ್ತೇನೆ ಅಂತ ಬರೆದುಕೊಡಬೇಕು.

ಕೈಯಲ್ಲಿ ಕಾಸಿಲ್ಲದ, ಇಪ್ಪತ್ತೆರಡು ವರ್ಷವೂ ತುಂಬದ ಪರದೇಶಿ ಹುಡುಗ ಅದನ್ನು ಬೇಡ ಅಂದ. ಆತ ಕ್ರೈಸ್ತ ನಂಬಿಕೆಯನ್ನು ಒಪ್ಪಿಕೊಂಡಿದ್ದವನೇ. ಹಾಗಾಗಿ ಇದು ಧರ್ಮದ ಜಗಳವಾಗಿರಲಿಲ್ಲ. ನನ್ನ ದೇಶಕ್ಕೆ ಯಾವ ರೀತಿ ಉಪಯೋಗಕ್ಕೆ ಬರಬಲ್ಲೆ ಅನ್ನೋದನ್ನು ಮುಂದೆ ನಾನೇ ತೀರ್ಮಾನಿಸಬೇಕು, ಈಗಲೇ ಕೈ ಕಟ್ಟಿಸಿಕೊಂಡರೆ ಆ ದಾರಿಗಳೆಲ್ಲ ಮುಚ್ಚಿಹೋಗುತ್ತವೆ ಅನ್ನೋದು ಆತನ ವಾದ. ಕೊನೆಗೆ ಬ್ರೌನ್ ಮೇಷ್ಟ್ರು ಓಡಾಡಿ, ಜಾರ್ಜಿಯಾದ ಸವಾನಾ ಪಟ್ಟಣದ ಮಹಿಳಾ ಸಂಘವೊಂದರಿಂದ ಷರತ್ತಿಲ್ಲದ ಸಹಾಯ ಕೊಡಿಸಿದರು.

ಈ ಘಟನೆಯನ್ನು ಇಲ್ಲಿ ನೆನಪಿಟ್ಟುಕೊಳ್ಳಿ. ಮುಂದೆ ಯುಂಗ್ ವಿಂಗ್ ತಾನೇ ನೂರಿಪ್ಪತ್ತು ಹುಡುಗರಿಗೆ ಸ್ಕಾಲರ್‌ಶಿಪ್ ಕೊಡಿಸಿದಾಗ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದು ಎದುರು ನಿಂತಿತು.

ಯೇಲ್‌ನಲ್ಲಿ ಯುಂಗ್ ವಿಂಗ್ ಸಹಪಾಠಿಗಳ ಊಟದ ಮನೆಗೆ ಸಾಮಾನು ತರುವ ಕೆಲಸ ಮಾಡಿ ತಮ್ಮ ಊಟದ ಖರ್ಚು ತೂಗಿಸಿದರು. ವಿದ್ಯಾರ್ಥಿ ಸಂಘದ ಗ್ರಂಥಾಲಯ ನೋಡಿಕೊಂಡರು. ಗಣಿತ ಕೈಕೊಟ್ಟರೂ ಇಂಗ್ಲಿಷ್ ಪ್ರಬಂಧಕ್ಕೆ ಎರಡು ಸಲ ಮೊದಲ ಬಹುಮಾನ ಬಂತು. 1852ರಲ್ಲಿ ಅಮೆರಿಕದ ಪೌರತ್ವ ಪಡೆದರು. 1854ರಲ್ಲಿ ಪದವಿ. ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಪದವಿ ಪಡೆದ ಮೊದಲ ಚೀನೀಯ ಅವರೇ. ಆ ಕೊನೆಯ ವರ್ಷದಲ್ಲೇ ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ತನಗೆ ಅದೃಷ್ಟದಿಂದ ಸಿಕ್ಕಿದ್ದು ಚೀನಾದ ಬೇರೆ ಮಕ್ಕಳಿಗೂ ಸಿಗಬೇಕು. ಅದು ವರ್ತಕರ ದಾನದಿಂದ ಅಲ್ಲ, ಚೀನಾ ಸರ್ಕಾರದ ಖರ್ಚಿನಲ್ಲೇ ಆಗಬೇಕು.

ಹದಿನೆಂಟು ವರ್ಷದ ಕಾಯುವಿಕೆ

ಊರಿಗೆ ಬಂದ ಮಗನನ್ನು ಅಮ್ಮ ಕೇಳಿದ ಪ್ರಶ್ನೆ ತುಂಬಾ ನೇರವಾಗಿತ್ತು. ಈ ಪದವಿಗೆ ದುಡ್ಡು ಎಷ್ಟು ಬರುತ್ತೆ? ಉತ್ತರ ಕೊಡೋದು ಕಷ್ಟವೇ ಆಗಿತ್ತು. ಚೀನೀ ಮಾತೇ ಮರೆತುಹೋದ ಹಾಗಿತ್ತು, ಮತ್ತೆ ಕಲಿಯಬೇಕಾಯಿತು. ಸರ್ಕಾರಿ ಕೆಲಸಕ್ಕೆ ಬೇಕಿದ್ದ ಶಾಸ್ತ್ರಗ್ರಂಥಗಳ ಪರೀಕ್ಷೆ ಅವರು ಬರೆದವರಲ್ಲ. 1855ರಲ್ಲಿ ಕ್ಯಾಂಟನ್‌ನಲ್ಲಿ ಬಂಡಾಯ ಅಡಗಿಸುವ ಹೆಸರಲ್ಲಿ ಸರ್ಕಾರ ಸಾವಿರಾರು ಜನರ ತಲೆ ಕಡಿಸಿದ ಜಾಗವನ್ನು ಕಣ್ಣಾರೆ ಕಂಡು, ಎಷ್ಟೋ ದಿನ ನಿದ್ದೆಗೆಟ್ಟರು. ಅರಸೊತ್ತಿಗೆ ಮೇಲಿನ ಅವರ ನಂಬಿಕೆ ಅಲ್ಲೇ ಬಿರುಕು ಬಿಟ್ಟಿತ್ತು.

ಶಾಂಘೈನ ಕಸ್ಟಮ್ಸ್ ಕಚೇರಿಯಲ್ಲಿ ಒಳ್ಳೆ ಸಂಬಳದ ಕೆಲಸ ಸಿಕ್ಕಿತು. ಅಲ್ಲಿ ಲಂಚ ನಡೆಯುತ್ತಿತ್ತು. ಚೀನೀಯನೊಬ್ಬ ಈ ಕಚೇರಿಯಲ್ಲಿ ಮುಖ್ಯಸ್ಥನ ಹುದ್ದೆವರೆಗೆ ಏರಬಹುದಾ ಅಂತ ಕೇಳಿದರು. ಇಲ್ಲ ಅನ್ನೋದು ಉತ್ತರ. ನಾಲ್ಕು ತಿಂಗಳಿಗೆ ರಾಜೀನಾಮೆ ಕೊಟ್ಟು ಎದ್ದು ಬಂದರು. 1860ರಲ್ಲಿ ತೈಪಿಂಗ್ ಬಂಡುಕೋರರ ರಾಜಧಾನಿ ನಾನ್‌ಜಿಂಗ್‌ಗೆ ಹೋಗಿ, ಸೈನಿಕ ಶಾಲೆ, ಬ್ಯಾಂಕು, ಶಿಕ್ಷಣ ಅಂತ ಏಳು ಸಲಹೆಗಳನ್ನು ಮುಂದಿಟ್ಟರು. ಬಂಡುಕೋರರು ಪದವಿಯ ಮುದ್ರೆ ಕೊಟ್ಟು ಸೇರಿಸಿಕೊಳ್ಳಲು ನೋಡಿದರು. ಇವರು ಅದನ್ನು ಹಿಂದಿರುಗಿಸಿ ಚಹಾ ವ್ಯಾಪಾರಕ್ಕಿಳಿದರು.

ದಾರಿ ತೆರೆದದ್ದು 1863ರಲ್ಲಿ. ಆ ಹೊತ್ತಿಗೆ ಎರಡು ಅಫೀಮು ಯುದ್ಧ ಸೋತಿದ್ದ ಚಿಂಗ್ ಸಾಮ್ರಾಜ್ಯದಲ್ಲಿ, ಪಶ್ಚಿಮದ ಬಂದೂಕು ಮತ್ತು ಯಂತ್ರ ನಮಗೂ ಬೇಕು ಅನ್ನುವ ಅಧಿಕಾರಿಗಳು ಮೇಲೆ ಬಂದಿದ್ದರು. ಅವರ ಹಿರಿಯ ಜೆಂಗ್ ಗುವೊಫಾನ್, ಯುಂಗ್ ವಿಂಗ್ ಅವರನ್ನು ಕರೆಸಿ ಯಂತ್ರಗಳನ್ನು ತರಲು ಅಮೆರಿಕಕ್ಕೆ ಕಳಿಸಿದರು. ಆ ಯಂತ್ರಗಳು ಬಂದು ಸೇರಿದ್ದು ಶಾಂಘೈನ ಜಿಯಾಂಗ್‌ನಾನ್ ಶಸ್ತ್ರಾಗಾರವನ್ನು. ನಂಬಿಕೆ ಗಳಿಸಿದ ಮೇಲೆ ಯುಂಗ್ ವಿಂಗ್ ತಮ್ಮ ಹಳೇ ಕನಸನ್ನು ಹೊರತೆಗೆದರು. ಯಂತ್ರ ಕೊಂಡರೆ ಸಾಲದು, ಯಂತ್ರ ಮಾಡಬಲ್ಲ ತಲೆಗಳು ಬೇಕು ಅನ್ನೋದು ಅವರ ವಾದ. ಜೆಂಗ್ ಮತ್ತು ಇನ್ನೊಬ್ಬ ಪ್ರಭಾವಿ ಅಧಿಕಾರಿ ಲಿ ಹಾಂಗ್‌ಜಾಂಗ್ ಇಬ್ಬರೂ ಒಪ್ಪಿ ಆಸ್ಥಾನಕ್ಕೆ ಮನವಿ ಕಳಿಸಿದರು. ಮಂಜೂರಾತಿ ಬಂತು. ಪದವಿ ಪಡೆದು ಹದಿನೆಂಟು ವರ್ಷದ ಮೇಲೆ, 1872ರಲ್ಲಿ, ಮೊದಲ ಹಡಗು ಹೊರಟಿತು.

ಹದಿನೈದು ವರ್ಷದ ಮುಚ್ಚಳಿಕೆ

ಯೋಜನೆ ಹೀಗಿತ್ತು. ವರ್ಷಕ್ಕೆ 30ರಂತೆ ನಾಲ್ಕು ತಂಡಗಳಲ್ಲಿ 120 ಹುಡುಗರು. ಹೆಚ್ಚಿನವರು ಹತ್ತರಿಂದ ಹದಿನಾರರ ನಡುವಿನವರು. ಹದಿನೈದು ವರ್ಷ ಓದು. ಇಪ್ಪತ್ತು ವರ್ಷಕ್ಕೆ ಅಂತ 12 ಲಕ್ಷ ತೇಲ್ ಬೆಳ್ಳಿ ಮೀಸಲು, ಶಾಂಘೈ ಕಸ್ಟಮ್ಸ್ ಆದಾಯದಿಂದ.

ದುಡ್ಡಿತ್ತು, ಹುಡುಗರೇ ಸಿಗಲಿಲ್ಲ! ಅನುಕೂಲಸ್ಥ ಮನೆತನಗಳು ಮಗ ದೇಶದೊಳಗಿನ ಪರೀಕ್ಷೆ ಬರೆದು ಅಧಿಕಾರಿಯಾಗಲಿ ಅಂತ ಕೂತಿದ್ದವು. ದೂರದ ಅನಾಗರಿಕರ ನಾಡಿಗೆ ಮಗುವನ್ನು ಯಾರು ಕಳಿಸ್ತಾರೆ? ಯುಂಗ್ ವಿಂಗ್ ಹಾಂಗ್‌ಕಾಂಗ್‌ವರೆಗೂ ಹೋಗಿ ಹುಡುಕಬೇಕಾಯಿತು. ಕೊನೆಗೆ ಹೋದವರಲ್ಲಿ ಮೂರರಲ್ಲಿ ಎರಡು ಪಾಲು ಅವರದೇ ಗ್ವಾಂಗ್‌ಡಾಂಗ್ ಪ್ರಾಂತ್ಯದವರು, ಬಹುಪಾಲು ಸಾಮಾನ್ಯ ಮನೆಯವರು. ಹುಡುಗ ಅಲ್ಲಿ ಕಾಯಿಲೆ ಬಿದ್ದು ಸತ್ತರೆ ಅದು ವಿಧಿ, ಸರ್ಕಾರ ಹೊಣೆಯಲ್ಲ ಅಂತ ಅಪ್ಪಂದಿರು ಮುಚ್ಚಳಿಕೆ ಬರೆದುಕೊಟ್ಟರು.

ಅಮೆರಿಕದಲ್ಲಿ ಹುಡುಗರನ್ನು ಎರಡು, ಮೂರು, ನಾಲ್ಕರಂತೆ ಕನೆಕ್ಟಿಕಟ್ ಮತ್ತು ಮ್ಯಾಸಚೂಸೆಟ್ಸ್‌ನ ಮನೆಗಳಲ್ಲಿ ಇರಿಸಿದರು. ಇವತ್ತಿನ ವಿನಿಮಯ ಕಾರ್ಯಕ್ರಮಗಳ ಆತಿಥೇಯ ಕುಟುಂಬ ಅನ್ನೋ ಪದ್ಧತಿ ಇದೇ ಅಲ್ವಾ? ಹುಡುಗರು ಆ ಮನೆಯ ಮಕ್ಕಳ ಜೊತೆ ಉಂಡರು, ಶಾಲೆಗೆ ಹೋದರು, ಬೇಸ್‌ಬಾಲ್ ಆಡಿದರು. ಇನ್ನೊಂದು ಕಡೆ, ಹಾರ್ಟ್‌ಫರ್ಡ್ ಪಟ್ಟಣದ ಮುಖ್ಯ ಕಚೇರಿಗೆ ಸರದಿಯಲ್ಲಿ ಬಂದು ಕನ್‌ಫ್ಯೂಷಿಯಸ್ ಗ್ರಂಥಗಳನ್ನು ಕಲಿಯಬೇಕಿತ್ತು. ಉದ್ದ ಜಡೆ ಬಿಡೋದು ಚಿಂಗ್ ಅರಸರಿಗೆ ನಿಷ್ಠೆಯ ಗುರುತು. ಕತ್ತರಿಸಿದರೆ ರಾಜದ್ರೋಹ. ಹುಡುಗರು ಆಟದ ಬಯಲಿನಲ್ಲಿ ಅದನ್ನು ಅಂಗಿಯೊಳಗೆ, ಟೋಪಿಯೊಳಗೆ ಬಚ್ಚಿಡುತ್ತಿದ್ದರು.

ಯುಂಗ್ ವಿಂಗ್ ಈ ವರ್ಷಗಳಲ್ಲಿ ಇನ್ನೊಂದು ಕೆಲಸ ಮಾಡಿದರು. ಪೆರುವಿನ ಕಬ್ಬಿನ ತೋಟಗಳಿಗೆ ಮೋಸದಿಂದ ಸಾಗಿಸಲಾಗುತ್ತಿದ್ದ ಚೀನೀ ಕೂಲಿಗಳ ಪಾಡು ತಿಳಿಯಲು 1874ರಲ್ಲಿ ಅಲ್ಲಿಗೇ ಹೋದರು. ಚಾವಟಿ ಏಟಿನಿಂದ ಬಾಸುಂಡೆ ಎದ್ದ ಬೆನ್ನುಗಳ ಎರಡು ಡಜನ್ ಫೋಟೊ ಗುಟ್ಟಾಗಿ ತೆಗೆಸಿ ವರದಿಗೆ ಲಗತ್ತಿಸಿದರು. ಪೆರುವಿನ ರಾಯಭಾರಿ ಚೀನಾದಲ್ಲಿ ಇಲ್ಲಸಲ್ಲದ್ದು ಹೇಳುತ್ತಿದ್ದಾಗ ಆ ಫೋಟೊಗಳೇ ಬಾಯಿ ಮುಚ್ಚಿಸಿದವು. 1875ರಲ್ಲಿ ಅಮೆರಿಕದ ಮೇರಿ ಕೆಲಾಗ್ ಅವರನ್ನು ಮದುವೆಯಾದರು.

ಎರಡು ಸರ್ಕಾರಗಳ ನಡುವೆ

ಹುಡುಗರ ಮೇಲೆ ಕಣ್ಣಿಡಲು ಯುಂಗ್ ವಿಂಗ್ ಜೊತೆಗೆ ಸಂಪ್ರದಾಯಸ್ಥ ಅಧಿಕಾರಿಗಳನ್ನೂ ಆಸ್ಥಾನ ಕಳಿಸಿತ್ತು. ಮೊದಲು ಚೆನ್ ಲಾನ್‌ಬಿನ್, ಕೊನೆಗೆ ವು ಜಿಡೆಂಗ್. ಹುಡುಗರು ಚರ್ಚಿಗೆ ಹೋಗುತ್ತಾರೆ, ಆಟ ಆಡಿ ಕುಣಿಯುತ್ತಾರೆ, ಹಿರಿಯರಿಗೆ ಅಡ್ಡ ಬೀಳೋದಿಲ್ಲ, ಚೀನೀ ಮರೆಯುತ್ತಿದ್ದಾರೆ, ಇವರು ವಾಪಸ್ ಬಂದರೂ ದೇಶಕ್ಕೆ ಪ್ರಯೋಜನವಿಲ್ಲ ಅಂತ ವರದಿ ಮೇಲೆ ವರದಿ ಹೋಯಿತು. ಯುಂಗ್ ವಿಂಗ್ ಇದಕ್ಕೆಲ್ಲ ಕುಮ್ಮಕ್ಕು ಕೊಡುತ್ತಾನೆ ಅನ್ನೋದೂ ಅದರಲ್ಲಿತ್ತು.

ಈ ದೂರು ಪೂರ್ತಿ ಸುಳ್ಳೇನಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಬೇರೆ ಸಮಾಜದ ನಡುಮನೆಗೆ ಬಿಟ್ಟರೆ ಅವರು ಬದಲಾಗದೆ ಇರುತ್ತಾರಾ? ಆಸ್ಥಾನಕ್ಕೆ ಬೇಕಿದ್ದದ್ದು ರೈಲು, ಫಿರಂಗಿ, ಹಡಗಿನ ವಿದ್ಯೆ ಮಾತ್ರ. ಅದನ್ನು ಕಲಿಯುವ ತಲೆ ಜೊತೆಯಲ್ಲೇ ನಮ್ಮ ದೇಶ ಯಾಕೆ ಹೀಗಿದೆ ಅಂತಲೂ ಕೇಳುತ್ತೆ ಅನ್ನೋದು ಅವರ ಯೋಜನೆಯಲ್ಲಿ ಇರಲಿಲ್ಲ. ಪ್ರಶ್ನೆಯಿಲ್ಲದ ವಿದ್ಯೆ ಬೇಕಿತ್ತು ಅವರಿಗೆ.

ಇನ್ನು ಅಮೆರಿಕದ ಕತೆ. 1868ರ ಬರ್ಲಿಂಗೇಮ್ ಒಪ್ಪಂದದಲ್ಲಿ, ಸರ್ಕಾರಿ ಶಿಕ್ಷಣ ಸಂಸ್ಥೆಗಳ ಬಾಗಿಲು ಚೀನೀಯರಿಗೂ ತೆರೆದಿರುತ್ತೆ ಅಂತ ಬರೆದಿತ್ತು. ಆ ಭರವಸೆ ಮೇಲೆ ಕೆಲವು ಹುಡುಗರನ್ನು ಭೂಸೇನೆ ಮತ್ತು ನೌಕಾಸೇನೆಯ ಅಕಾಡೆಮಿಗಳಿಗೆ ಸೇರಿಸಲು ಯುಂಗ್ ವಿಂಗ್ ಅರ್ಜಿ ಹಾಕಿದರು. ಚೀನೀ ವಿದ್ಯಾರ್ಥಿಗಳಿಗೆ ಜಾಗ ಇಲ್ಲ ಅನ್ನುವ ಒಂದು ಸಾಲಿನ ಉತ್ತರ ಬಂತು. ಪಶ್ಚಿಮ ಕರಾವಳಿಯಲ್ಲಿ ಆಗ ಚೀನೀ ಕಾರ್ಮಿಕರ ವಿರುದ್ಧ ದ್ವೇಷದ ರಾಜಕಾರಣ ಉರಿಯುತ್ತಿತ್ತು. ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ ಅನ್ನೋ ಘೋಷಣೆಗೆ ಓಟು ಬರುತ್ತಿತ್ತು. ಈ ನಿರಾಕರಣೆಯಿಂದ, ಯೋಜನೆಯ ಪರವಾಗಿದ್ದ ಲಿ ಹಾಂಗ್‌ಜಾಂಗ್‌ಗೂ ಹೇಳಲು ಏನೂ ಉಳಿಯಲಿಲ್ಲ.

ಸ್ನೇಹಿತರು ಸುಮ್ಮನೆ ಕೂರಲಿಲ್ಲ. ಹಾರ್ಟ್‌ಫರ್ಡಿನ ಪಾದ್ರಿ ಜೋಸೆಫ್ ಟ್ವಿಚೆಲ್ ಮತ್ತು ಲೇಖಕ ಮಾರ್ಕ್ ಟ್ವೈನ್, ಮಾಜಿ ಅಧ್ಯಕ್ಷ ಗ್ರಾಂಟ್ ಬಳಿ ಹೋಗಿ ಲಿ ಅವರಿಗೆ ಪತ್ರ ಬರೆಸಿದರು. ಯೇಲ್ ಅಧ್ಯಕ್ಷರೂ ಬೇರೆ ಶಿಕ್ಷಣ ತಜ್ಞರೂ ಮನವಿ ಕಳಿಸಿದರು. ಸ್ವಲ್ಪ ಕಾಲ ಉಳಿಯಿತು, ಅಷ್ಟೇ. 1881ರಲ್ಲಿ ಆದೇಶ ಬಂದೇ ಬಂತು. ಸುಮಾರು ನೂರು ಹುಡುಗರು ಹೊರಟರು. ಅಷ್ಟು ಜನರಲ್ಲಿ ಪದವಿ ಮುಗಿಸಿದ್ದವರು ಇಬ್ಬರೇ. ಮರುವರ್ಷವೇ, 1882ರಲ್ಲಿ, ಚೀನೀ ಕಾರ್ಮಿಕರ ಪ್ರವೇಶ ನಿಷೇಧಿಸುವ ಕಾಯ್ದೆಯನ್ನು ಅಮೆರಿಕ ಪಾಸು ಮಾಡಿತು. ಮಕ್ಕಳು ತೀರಾ ಅಮೆರಿಕನ್ನರಾದರು ಅಂತ ಒಂದು ಸರ್ಕಾರ ಹೆದರಿತು, ಅವರು ಎಷ್ಟಾದರೂ ಚೀನೀಯರೇ ಅಂತ ಇನ್ನೊಂದು ಸರ್ಕಾರ ಬಾಗಿಲು ಹಾಕಿತು. ನಡುವೆ ಸಿಕ್ಕಿಕೊಂಡವರು ಹದಿಹರೆಯದ ಹುಡುಗರು.

ಅರ್ಧ ಓದಿದವರು ಏನಾದರು?

ಊರಲ್ಲಿ ಅವರಿಗೆ ಮಾಲೆ ಕಾದಿರಲಿಲ್ಲ, ಅನುಮಾನ ಕಾದಿತ್ತು. ಏನು ಓದಿದ್ದೀರಿ ಅಂತಲೂ ಕೇಳದೆ ಟೆಲಿಗ್ರಾಫ್, ನೌಕಾಪಡೆ, ಗಣಿ ಅಂತ ಹಂಚಿದರು. 1884ರಲ್ಲಿ ಫುಜೌ ಬಂದರಿನಲ್ಲಿ ಫ್ರೆಂಚರ ಜೊತೆ ನಡೆದ ಕಾಳಗದಲ್ಲಿ ಅವರಲ್ಲಿ ಕೆಲವರು ಸತ್ತರು.

ಬದುಕಿದವರು ನಿಧಾನವಾಗಿ ಮೇಲೆ ಬಂದರು. ಪದವಿ ಮುಗಿಸಿದ್ದ ಇಬ್ಬರಲ್ಲಿ ಒಬ್ಬನಾದ ಜಾನ್ ಟಿಯಾನ್ಯು, ಬೆಟ್ಟ ಕಡಿದು ಬೀಜಿಂಗ್‌ನಿಂದ ಜಾಂಗ್‌ಜಿಯಾಕೌಗೆ ಸುಮಾರು 200 ಕಿ.ಮೀ. ರೈಲುಮಾರ್ಗ ಹಾಕಿದರು. 1909ರಲ್ಲಿ ಮುಗಿದ ಆ ಮಾರ್ಗ ಚೀನೀ ಎಂಜಿನಿಯರುಗಳೇ ಯೋಜಿಸಿ ಕಟ್ಟಿದ್ದು. ಲಿಯಾಂಗ್ ಚೆಂಗ್ ಅಮೆರಿಕಕ್ಕೇ ರಾಯಭಾರಿಯಾಗಿ ಹೋದರು. ಬಾಕ್ಸರ್ ದಂಗೆ ನಂತರ ಚೀನಾದ ಮೇಲೆ ಹೇರಿದ್ದ ದಂಡದಲ್ಲಿ ಅಮೆರಿಕ ಹೆಚ್ಚುವರಿ ಪಡೆದ ಪಾಲನ್ನು ಬಿಟ್ಟುಕೊಡಬೇಕು ಅಂತ ಪಟ್ಟು ಹಿಡಿದವರಲ್ಲಿ ಅವರು ಮುಖ್ಯರು. ಹೀಗೆ ಹಿಂದಿರುಗಿದ ಸುಮಾರು 1.1 ಕೋಟಿ ಡಾಲರಿನಿಂದ 1909ರಲ್ಲಿ ಮತ್ತೆ ಚೀನೀ ವಿದ್ಯಾರ್ಥಿಗಳು ಅಮೆರಿಕಕ್ಕೆ ಹೋಗತೊಡಗಿದರು. ಅವರನ್ನು ಸಿದ್ಧಪಡಿಸಲು 1911ರಲ್ಲಿ ತೆರೆದ ಶಾಲೆಯೇ ಇಂದಿನ ತ್ಸಿಂಗ್‌ಹುವಾ ವಿಶ್ವವಿದ್ಯಾಲಯ. ಅದರ ಮೊದಲ ಅಧ್ಯಕ್ಷ ಟಾಂಗ್ ಗುವೊಆನ್ ಕೂಡ ವಾಪಸ್ ಕರೆಸಿಕೊಂಡ ಹುಡುಗರಲ್ಲೊಬ್ಬರು. ಚೀನಾ ಗಣರಾಜ್ಯದ ಮೊದಲ ಪ್ರಧಾನಿ ಟಾಂಗ್ ಶಾವೊಯಿ ಸಹ ಅವರಲ್ಲೊಬ್ಬರೇ.

ಯುಂಗ್ ವಿಂಗ್ ಪಾಲಿಗೆ ಏನುಳಿಯಿತು? 1886ರಲ್ಲಿ ಹೆಂಡತಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳನ್ನು ಸಾಕಿದರು. 1895ರಲ್ಲಿ ಮತ್ತೆ ಚೀನಾಕ್ಕೆ ಹೋಗಿ ರಾಷ್ಟ್ರೀಯ ಬ್ಯಾಂಕ್ ಕಟ್ಟಲು ನೋಡಿದರು, ಆಗಲಿಲ್ಲ. 1898ರ ಸುಧಾರಣಾ ಚಳವಳಿಯವರಿಗೆ ಬೀಜಿಂಗ್‌ನ ತಮ್ಮ ಮನೆಯಲ್ಲೇ ಜಾಗ ಕೊಟ್ಟರು. ರಾಜಮಾತೆ ಚಳವಳಿಯನ್ನು ಹತ್ತಿಕ್ಕಿದಾಗ ತಲೆ ಉಳಿಸಿಕೊಳ್ಳಲು ಓಡಬೇಕಾಯಿತು. ಅದೇ ವರ್ಷ ಅಮೆರಿಕವೂ ಕೈಬಿಟ್ಟಿತು. ನಲವತ್ತಾರು ವರ್ಷದ ಹಿಂದೆ ಕೊಟ್ಟಿದ್ದ ಪೌರತ್ವವನ್ನು, ನೀವು ಚೀನೀಯರು ಅನ್ನೋ ಕಾರಣಕ್ಕೆ ಮಾನ್ಯ ಮಾಡಲಾಗದು ಅಂತ ತಿಳಿಸಿತು. ಎಪ್ಪತ್ತರ ವಯಸ್ಸಿನಲ್ಲಿ ಎರಡೂ ದೇಶಕ್ಕೆ ಬೇಡವಾದರು. ಆದರೂ 1902ರಲ್ಲಿ ಹೇಗೋ ಅಮೆರಿಕದೊಳಗೆ ಬಂದು, ಕಿರಿಯ ಮಗ ಯೇಲ್‌ನಲ್ಲಿ ಪದವಿ ಪಡೆಯುವ ಹೊತ್ತಿಗೆ ಅಲ್ಲಿದ್ದರು. 1912ರ ಏಪ್ರಿಲ್‌ನಲ್ಲಿ ಹಾರ್ಟ್‌ಫರ್ಡಿನಲ್ಲಿ ಕಣ್ಮುಚ್ಚಿದರು. ಆ ವರ್ಷದ ಫೆಬ್ರವರಿಯಲ್ಲೇ ಚಿಂಗ್ ಅರಸೊತ್ತಿಗೆ ಕೊನೆಯಾಗಿತ್ತು.

ಯಾರ ದುಡ್ಡು, ಯಾರ ತಲೆ

ನಮಗೂ ಇಂಥ ಕತೆ ಗೊತ್ತು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ಕೊಲಂಬಿಯಾಕ್ಕೆ ಹೋದ ಅಂಬೇಡ್ಕರ್, ಹತ್ತು ವರ್ಷ ಸಂಸ್ಥಾನದ ಸೇವೆ ಮಾಡುತ್ತೇನೆ ಅಂತ ಕರಾರು ಬರೆದುಕೊಟ್ಟು ಹೋಗಿದ್ದರು. ಅವಧಿ ಮುಗಿಯಿತು ಅಂತ 1917ರಲ್ಲಿ ಲಂಡನ್‌ನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಸೇವೆಗೆ ಅಂತ ಬರೋಡಾಕ್ಕೆ ಹೋದರೆ, ಅಸ್ಪೃಶ್ಯ ಅನ್ನೋ ಕಾರಣಕ್ಕೆ ಇರಲು ಒಂದು ಕೋಣೆ ಸಿಗಲಿಲ್ಲ. ಮುಂದೆ ಅವರು ತಾವೇ ದುಡ್ಡು ಹೊಂದಿಸಿಕೊಂಡು ಲಂಡನ್‌ಗೆ ಹೋಗಿ ಓದು ಮುಗಿಸಿದರು.

2025ರಲ್ಲಿ ಅಮೆರಿಕ ಸರ್ಕಾರ ತನ್ನ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಗಳ ಹಣವನ್ನು ಕೆಲಕಾಲ ತಡೆಹಿಡಿಯಿತು. ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ವಾರಗಟ್ಟಲೆ ನಿಲ್ಲಿಸಿತು, ಮತ್ತೆ ಶುರು ಮಾಡುವಾಗ ಅರ್ಜಿದಾರರ ಸೋಷಿಯಲ್ ಮೀಡಿಯಾ ಜಾಲಾಡುವ ನಿಯಮ ತಂದಿತು. ಅಂದು ಜಡೆ ನೋಡುತ್ತಿದ್ದರು, ಇಂದು ಪೋಸ್ಟ್ ನೋಡುತ್ತಾರೆ.

ಸರ್ಕಾರದ ಸ್ಕಾಲರ್‌ಶಿಪ್ ಬೇಡ ಅನ್ನೋದು ಇದರ ಅರ್ಥ ಅಲ್ಲ. ಅದಿಲ್ಲದಿದ್ದರೆ ಬಡವರ ಮಕ್ಕಳು ಆ ಹಡಗನ್ನು ಹತ್ತುತ್ತಲೇ ಇರಲಿಲ್ಲ. ಅದು ಜನರ ತೆರಿಗೆಯ ದುಡ್ಡು, ಹಾಗಾಗಿ ಅದು ಹಕ್ಕು. ಅರಸನೋ ಮಂತ್ರಿಯೋ ಕೊಟ್ಟ ಭಿಕ್ಷೆ ಅಲ್ಲ. ವಿದ್ಯಾರ್ಥಿ ಅದಕ್ಕೆ ಪ್ರತಿಯಾಗಿ ಚೆನ್ನಾಗಿ ಓದಬೇಕು, ಸಮಾಜದ ಋಣ ತೀರಿಸಬೇಕು, ಸರಿ. ಆದರೆ ಆ ಋಣವನ್ನು ಹೇಗೆ ತೀರಿಸೋದು ಅನ್ನೋ ತೀರ್ಮಾನ ಓದಿದವರದ್ದೇ ಆಗಿರಬೇಕು. ಮಾನ್ಸನ್ ಅಕಾಡೆಮಿಯಲ್ಲಿ ಕಾಸಿಲ್ಲದ ಹುಡುಗನೊಬ್ಬ ಸಹಿ ಹಾಕದೆ ಎದ್ದು ಬಂದದ್ದು ಇದೇ ಕಾರಣಕ್ಕೆ. ಹದಿನೈದು ವರ್ಷ ಓದಬೇಕಿದ್ದ ಹುಡುಗರು ಹತ್ತು ವರ್ಷವೂ ತುಂಬದೆ ಬಂದು ಇಷ್ಟೆಲ್ಲ ಮಾಡಿದರು. ಅವರನ್ನು ನಂಬಿ, ಓದು ಮುಗಿಸಲು ಬಿಟ್ಟಿದ್ದರೆ?